ಮುಟ್ಟುವ ಕೈ ಕಡಿಮೆ, ಕೇಳುವ ಕಿವಿ ಜಾಸ್ತಿ: ಮಗಳ ಚಿಕಿತ್ಸೆ, ಶಾಲೆಗಾಗಿ ನಾವು ನೋಡಿದ ದಾರಿಗಳು

ಮಗಳನ್ನು ನಾವು ದತ್ತು ತೆಗೆದುಕೊಂಡು ಮನೆಗೆ ಕರೆತಂದಾಗ ಅವಳಿಗೆ 2 ವರ್ಷ 4 ತಿಂಗಳು. ಜೊತೆಗೆ ಬಂದದ್ದು 4 ಹಾಳೆಯ ಒಂದು ಫೈಲು. ಸೀಳುತುಟಿಗೆ ಆಪರೇಷನ್ ಆಗಿತ್ತು. ಸೀಳು ಅಂಗುಳಕ್ಕೆ ಆಗಿರಲಿಲ್ಲ. ಅಂದರೆ ಬಾಯಿಗೂ ಮೂಗಿಗೂ ನಡುವಿನ ಬಿರುಕು ಹಾಗೇ ಇತ್ತು. ಸಾಮಾನ್ಯವಾಗಿ ಈ ಆಪರೇಷನ್ 9ರಿಂದ 18 ತಿಂಗಳ ಒಳಗೆ, ಮಾತು ಬೆಳೆಯುವ ಮುಂಚೆ ಮಾಡುತ್ತಾರೆ. ನಮ್ಮವಳಿಗೆ ತಡವಾಗಿಬಿಟ್ಟಿತ್ತು.

ಈಗ ಅವಳಿಗೆ 7. ಈ ವರ್ಷಗಳಲ್ಲಿ ಪ್ರತಿ ಸಲವೂ ನಮ್ಮ ಮುಂದೆ ಎರಡೋ ಮೂರೋ ದಾರಿ ಇರುತ್ತಿತ್ತು. ಕೆಲವು ಕಡೆ ತಪ್ಪು ದಾರಿ ಹಿಡಿದು ವಾಪಸ್ ಬಂದೆವು. ಕೆಲವು ಕಡೆ ಎರಡನ್ನೂ ನಡೆದು ನೋಡಿದೆವು. ಇದೇ ಹಾದಿಯಲ್ಲಿರುವ ತಾಯಂದಿರಿಗೆ ಉಪಯೋಗ ಆಗಲಿ ಅಂತ ಅವನ್ನು ಅಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮೊದಲು ನನ್ನ ಅಳತೆಗೋಲು ಯಾವುದು ಅಂತ ಹೇಳಬೇಕು. ಬಂದ ಹೊಸದರಲ್ಲಿ ಯಾರು ಕೈ ಚಾಚಿದರೂ ಮಗಳು ಹೋಗಿಬಿಡುತ್ತಿದ್ದಳು. "ಎಷ್ಟು ಬೇಗ ಹೊಂದಿಕೊಂಡಳು ನೋಡಿ" ಅಂತ ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಸಂಕಟವಾಗುತ್ತಿತ್ತು. ಅನಾಥಾಲಯದಲ್ಲಿ ಅವಳನ್ನು ಎತ್ತಿಕೊಂಡ ಕೈಗಳು ಪಾಳಿ ಮುಗಿದಾಗಲೆಲ್ಲ ಬದಲಾಗುತ್ತಿದ್ದವು. ಅವಳಿಗೆ ಎಲ್ಲ ಕೈಯೂ ಒಂದೇ ಆಗಿತ್ತು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಮಕ್ಕಳ ಮೇಲೆ ನಡೆದ ಅಧ್ಯಯನದ ಬಗ್ಗೆ ಆಗ ಓದಿದೆ. 2 ವರ್ಷದೊಳಗೆ ಕುಟುಂಬಕ್ಕೆ ಹೋದ ಮಕ್ಕಳು ಹೆಚ್ಚು ಚೇತರಿಸಿಕೊಂಡರು ಅಂತ ಅದರಲ್ಲಿತ್ತು. ನನ್ನ ಮಗಳು ನಾಲ್ಕು ತಿಂಗಳು ತಡ. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮಕ್ಕಳ ಡಾಕ್ಟರು ಸಮಾಧಾನವಾಗಿ ಹೇಳಿದರು: "ಅದು ಸರಾಸರಿ ಅಮ್ಮಾ, ಗೋಡೆ ಅಲ್ಲ. ಇನ್ನು ಮುಂದೆ ಮುಖಗಳು ಬದಲಾಗದ ಹಾಗೆ ನೋಡಿಕೊಳ್ಳಿ." ಅಂದಿನಿಂದ ಯಾವ ದಾರಿ ಆರಿಸುವಾಗಲೂ ನನ್ನ ಮೊದಲ ಪ್ರಶ್ನೆ ಅದೇ ಆಯಿತು. ಇದರಲ್ಲಿ ಎಷ್ಟು ಹೊಸ ಕೈಗಳು ಅವಳನ್ನು ಮುಟ್ಟುತ್ತವೆ?

ಲಸಿಕೆ: ಮತ್ತೆ ಹಾಕಿಸುವುದೋ, ರಕ್ತ ಪರೀಕ್ಷೆಯೋ

ಫೈಲಿನಲ್ಲಿದ್ದ ಲಸಿಕೆ ದಾಖಲೆಯಲ್ಲಿ ಅರ್ಧ ತಾರೀಖು ಕಾಣುತ್ತಿರಲಿಲ್ಲ. ಇಂಥ ಮಕ್ಕಳಿಗೆ ಎರಡು ದಾರಿ. ಎಲ್ಲವನ್ನೂ ಹೊಸದಾಗಿ ಹಾಕಿಸಬಹುದು. ಇಲ್ಲವೇ ರಕ್ತ ತೆಗೆದು, ಯಾವುದಕ್ಕೆ ರೋಗನಿರೋಧಕ ಶಕ್ತಿ ಇದೆ ಅಂತ ನೋಡಿ, ಇಲ್ಲದ್ದನ್ನು ಮಾತ್ರ ಹಾಕಿಸಬಹುದು. ವೈದ್ಯರು ಎರಡನ್ನೂ ಒಪ್ಪುತ್ತಾರೆ. ಒಂದೆರಡು ಡೋಸ್ ಜಾಸ್ತಿ ಆದರೂ ಸಾಮಾನ್ಯವಾಗಿ ಕೈ ಊದಿ ನೋಯುವುದಷ್ಟೇ, ದೊಡ್ಡ ಅಪಾಯವಿಲ್ಲ. ನಾವು ರಕ್ತ ಪರೀಕ್ಷೆ ಆರಿಸಿಕೊಂಡೆವು. ಹೇಗೂ ಹೆಪಟೈಟಿಸ್ ಬಿ ಪರೀಕ್ಷೆಗೆ ರಕ್ತ ತೆಗೆಯಲೇಬೇಕಿತ್ತು. ಒಂದೇ ಚುಚ್ಚಿಗೆ ಎರಡೂ ಆಯಿತು.

ಟಿಬಿ ಪರೀಕ್ಷೆಯಲ್ಲೂ ಹೀಗೇ. ಚರ್ಮದ ಪರೀಕ್ಷೆ ಮಾಡಿಸಿದರೆ 48ರಿಂದ 72 ಗಂಟೆಯೊಳಗೆ ಮತ್ತೆ ಹೋಗಿ ತೋರಿಸಬೇಕು. ಟಿಬಿ ಲಸಿಕೆಯಾದ ಬಿಸಿಜಿ ಹಾಕಿದ ಮಗುವಿಗೆ ಅದು ಸುಳ್ಳು ಪಾಸಿಟಿವ್ ಕೂಡ ತೋರಿಸಬಹುದು. ರಕ್ತದ ಪರೀಕ್ಷೆಯಲ್ಲಿ ಆ ಗೊಂದಲ ಇಲ್ಲ, ಎರಡನೇ ಭೇಟಿಯೂ ಇಲ್ಲ. ಇಲ್ಲಿ ನಮಗೆ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ.

ಬೇರೆ ಬೇರೆ ಡಾಕ್ಟರೋ, ಒಂದೇ ತಂಡವೋ

ಇಲ್ಲಿ ನಾವು ಎಡವಿದೆವು. ಮೊದಲ ಎಂಟು ತಿಂಗಳು ಬೇರೆ ಬೇರೆ ಕಡೆ ತೋರಿಸಿದೆವು. ಕಿವಿಗೆ ಒಬ್ಬರು, ಅಂಗುಳಕ್ಕೆ ಒಬ್ಬರು, ಹಲ್ಲಿಗೆ ಇನ್ನೊಬ್ಬರು. ಪ್ರತಿಯೊಬ್ಬರೂ ಒಳ್ಳೆಯ ಡಾಕ್ಟರೇ. ಆದರೆ ಅವರವರ ನಡುವೆ ಮಾತೇ ಇರಲಿಲ್ಲ. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತಲುಪಿಸುವ ಕೆಲಸ ನನ್ನದಾಗಿತ್ತು.

ಸೀಳು ಅಂಗುಳ ಇರುವ ಬಹುತೇಕ ಮಕ್ಕಳಿಗೆ ಕಿವಿ ತಮಟೆಯ ಹಿಂದೆ ನೀರು ತುಂಬಿಕೊಳ್ಳುತ್ತದೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ಕೊಳವೆಯನ್ನು ತೆರೆಯುವುದು ಅಂಗುಳದ ಸ್ನಾಯು. ಸೀಳಿನಿಂದಾಗಿ ಆ ಸ್ನಾಯು ಸರಿಯಾಗಿ ಎಳೆಯುವುದಿಲ್ಲ. ಮಗುವಿಗೆ ನೀರೊಳಗೆ ಮುಳುಗಿ ಕೇಳಿದ ಹಾಗೆ ಕೇಳಿಸುತ್ತದೆ. ಅದಕ್ಕೆ ಕಿವಿ ಡಾಕ್ಟರು ಅರಿವಳಿಕೆ ಕೊಟ್ಟು ತಮಟೆಯಲ್ಲಿ ಗ್ರಾಮೆಟ್, ಅಂದರೆ ಕಿವಿಯೊಳಗೆ ಗಾಳಿ ಆಡಲು ಬಿಡುವ ಪುಟ್ಟ ಕೊಳವೆ, ಕೂರಿಸಿದರು. ನಾಲ್ಕು ತಿಂಗಳು ಬಿಟ್ಟು ಅಂಗುಳದ ಆಪರೇಷನ್ನಿಗೆ ಮತ್ತೆ ಅರಿವಳಿಕೆ. ಅಷ್ಟೊತ್ತಿಗೆ ನಾವು ಸೀಳುತುಟಿ–ಅಂಗುಳದ ತಂಡವಿರುವ ಆಸ್ಪತ್ರೆಗೆ ಬಂದಿದ್ದೆವು. ಅಲ್ಲಿಯ ಸರ್ಜನ್ ಫೈಲು ನೋಡಿ, "ಇವೆರಡನ್ನೂ ಒಂದೇ ಸಲಕ್ಕೆ ಮಾಡಬಹುದಿತ್ತು" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಾನು ಕೇಳಬೇಕಿತ್ತು. ಕೇಳಬೇಕು ಅಂತಲೇ ನನಗೆ ಗೊತ್ತಿರಲಿಲ್ಲ.

ತಂಡದಲ್ಲಿ ಸರ್ಜನ್, ಕಿವಿ ಡಾಕ್ಟರು, ಕಿವಿ ಪರೀಕ್ಷೆ ಮಾಡುವವರು, ಸ್ಪೀಚ್ ಥೆರಪಿಸ್ಟ್, ಹಲ್ಲಿನ ಡಾಕ್ಟರು ಎಲ್ಲರೂ ಒಂದೇ ದಿನ ನೋಡಿ, ಒಟ್ಟಿಗೆ ಕೂತು ತೀರ್ಮಾನ ಮಾಡುತ್ತಾರೆ. ಯಾವ ಆಪರೇಷನ್ ಯಾವಾಗ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಆ ಒಂದು ದಿನ ಅಂದರೆ ಆರು ಕೋಣೆ, ಆರು ಹೊಸ ಮುಖ, ಆರು ಸಲ "ಬಾಯಿ ತೆಗಿ ಪುಟ್ಟಾ". ನಾಲ್ಕನೇ ಕೋಣೆಗೆ ಹೋಗುವಷ್ಟರಲ್ಲಿ ಮಗಳು ಅಳುವುದನ್ನೂ ಬಿಟ್ಟಿದ್ದಳು. ಕಣ್ಣು ಎಲ್ಲೋ, ಮೈ ಗೊಂಬೆಯ ಹಾಗೆ. ಯಾರೋ "ಎಷ್ಟು ಜಾಣೆ" ಅಂದರು. ಮೊದಲ ತಿಂಗಳು ಯಾರ ಕೈಗಾದರೂ ಹೋಗುತ್ತಿದ್ದ ಮಗು ನನಗೆ ಅಲ್ಲಿ ಮತ್ತೆ ಕಾಣಿಸಿತು.

ಹಾಗಾಗಿ ಈಗ ಎರಡನ್ನೂ ಸೇರಿಸಿಕೊಂಡಿದ್ದೇವೆ. ತಂಡದ ಹತ್ತಿರ ವರ್ಷಕ್ಕೆ ಒಂದು ಸಲ. ಉಳಿದ ಜ್ವರ, ಕಿವಿ ಸೋರುವುದು, ತೂಕ ಎಲ್ಲವೂ ಮನೆ ಹತ್ತಿರದ ಅದೇ ಮಕ್ಕಳ ಡಾಕ್ಟರ ಹತ್ತಿರ. ತಂಡದ ದಿನ ಮೂರು ಕೋಣೆ ಆದಮೇಲೆ ಒಂದು ಗಂಟೆ ಬಿಡುವು ಬೇಕು ಅಂತ ಮೊದಲೇ ಬರೆದು ಕೊಡುತ್ತೇನೆ. ಇದುವರೆಗೆ ಯಾರೂ ಇಲ್ಲ ಅಂದಿಲ್ಲ.

ಆಸ್ಪತ್ರೆ ಆರಿಸುವಾಗ ಇನ್ನೊಂದು ವಿಷಯ ಕೇಳಿ. ಮಗು ಅರಿವಳಿಕೆಯಿಂದ ಎಚ್ಚರವಾಗುವಾಗ ತಾಯಿ ಹತ್ತಿರ ಇರಬಹುದಾ? ಗ್ರಾಮೆಟ್ ಹಾಕಿದ ಆಸ್ಪತ್ರೆಯಲ್ಲಿ ನನ್ನನ್ನು ಒಂದು ಗಂಟೆ ಹೊರಗೆ ಕೂರಿಸಿದ್ದರು. ಬಾಗಿಲಾಚೆ ಅವಳ ಅಳು ಕೇಳಿಸುತ್ತಿತ್ತು. ಆಮೇಲೆ ಎರಡು ವಾರ ರಾತ್ರಿ ನನ್ನ ಬಟ್ಟೆ ಹಿಡಿದುಕೊಂಡೇ ಮಲಗಿದಳು. ಎರಡನೇ ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ನನ್ನ ಮುಖ. ಅದು ಗ್ರಾಮೆಟ್‌ಗಿಂತ ಎಷ್ಟೋ ದೊಡ್ಡ ಆಪರೇಷನ್, ನೋವೂ ಜಾಸ್ತಿ. ಆದರೂ ಮನೆಗೆ ಬಂದ ಮೇಲೆ ಬೇಗ ಸುಧಾರಿಸಿಕೊಂಡಳು. ಆಸ್ಪತ್ರೆಯಲ್ಲಿರುವ ಮಗುವಿನ ಹತ್ತಿರ ತಂದೆತಾಯಿಯನ್ನು ಬಿಡಬೇಕು ಅಂತ ಬ್ರಿಟನ್ನಿನ ಪ್ಲ್ಯಾಟ್ ವರದಿ 1959ರಲ್ಲೇ ಹೇಳಿತ್ತು. ಧೈರ್ಯವಾಗಿ ಕೇಳಿ.

ಗ್ರಾಮೆಟ್ಟೋ, ಶ್ರವಣಯಂತ್ರವೋ

ಗ್ರಾಮೆಟ್ ಹಾಕಿದ ವಾರದಲ್ಲೇ ಅವಳು ಮಳೆಯ ಸದ್ದಿಗೆ ತಿರುಗಿ ನೋಡಿದಳು. ಅಷ್ಟು ಬೇಗ ಗುಣ ಕಾಣುತ್ತದೆ. ಆದರೆ ಅದು ತಾನಾಗಿ ಬಿದ್ದು ಹೋಗುವ ವಸ್ತು. ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ ಬೀಳುತ್ತದೆ. ನಮ್ಮದು 10 ತಿಂಗಳಿಗೆ ಬಿತ್ತು, ನೀರು ಮತ್ತೆ ತುಂಬಿತು. ನಡುವೆ ಎರಡು ಸಲ ಕಿವಿ ಸೋರಿತು. ಮತ್ತೆ ಹಾಕಿಸಬೇಕೆಂದರೆ ಮತ್ತೆ ಅರಿವಳಿಕೆ.

ಎರಡನೇ ಸಲ ಶ್ರವಣಯಂತ್ರ ಆರಿಸಿಕೊಂಡೆವು. ಮೆತ್ತನೆಯ ಪಟ್ಟಿಯಲ್ಲಿ ತಲೆಗೆ ಕಟ್ಟುವಂಥದ್ದು. ಅದು ತಲೆಯ ಮೂಳೆಯ ಮೂಲಕ ಸದ್ದು ದಾಟಿಸುತ್ತದೆ. ಆಪರೇಷನ್ ಇಲ್ಲ, ಹೊಸ ಕೈಗಳಿಲ್ಲ. ಕಷ್ಟ ಬೇರೆ ಥರದ್ದು. ಮೊದಲ ತಿಂಗಳು ದಿನಕ್ಕೆ ಇಪ್ಪತ್ತು ಸಲ ಕಿತ್ತು ಎಸೆಯುತ್ತಿದ್ದಳು. ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಕೇಳುತ್ತಾರೆ. ಆದರೂ ನನ್ನ ಮಗಳಿಗೆ ಇದೇ ಸರಿಹೋಯಿತು. ಅದನ್ನು ಹಾಕುವುದೂ ತೆಗೆಯುವುದೂ ಅವಳ ಕೈಯಲ್ಲೇ ಇತ್ತು. ತನ್ನ ಮೈ ಮೇಲೆ ತನಗೇ ಹಿಡಿತ ಇರುವುದು ಅವಳಿಗೆ ಹೊಸತು. 6 ವರ್ಷಕ್ಕೆ ಕಿವಿ ಸುಧಾರಿಸಿ ಅದು ಬೇಡವಾದಾಗ, ಅವಳೇ ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು.

ಮಾತು: ಇಲ್ಲಿ ನನ್ನ ಅಳತೆಗೋಲು ಕೈಕೊಟ್ಟಿತು

ಬಾಯಿಯಲ್ಲಿ ಗಾಳಿ ತುಂಬಿ ಒಡೆದರೆ ಮಾತ್ರ ಪ, ಬ, ತ, ದ ಹುಟ್ಟುತ್ತವೆ. ಗಾಳಿ ಮೂಗಿಗೆ ಸೋರಿದರೆ ಬ ಹೋಗಿ ಮ ಆಗುತ್ತದೆ. "ಬಾ" ಅನ್ನಲು ಹೋದರೆ "ಮಾ" ಬರುತ್ತಿತ್ತು. ಕ, ಗ ಇನ್ನೂ ಕಷ್ಟ. ಅವಳು ಆ ಜಾಗದಲ್ಲಿ ಗಂಟಲಲ್ಲೇ ಸದ್ದು ತಡೆದು ಬಿಡುತ್ತಿದ್ದಳು. ಸೋರುವ ಗಾಳಿಗೆ ಬೇಕಾದದ್ದು ಆಪರೇಷನ್. ರೂಢಿಯಾಗಿಬಿಟ್ಟ ತಪ್ಪು ಸದ್ದಿಗೆ ಬೇಕಾದದ್ದು ಥೆರಪಿ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಮೂಗಿನ ಕೆಳಗೆ ಕನ್ನಡಿ ಹಿಡಿದು "ಪಾ ಪಾ ಪಾ" ಅನ್ನಿಸಿದರೆ, ಗಾಳಿ ಸೋರುತ್ತಿದ್ದರೆ ಕನ್ನಡಿ ಮಸುಕಾಗುತ್ತದೆ. ಅದನ್ನು ಥೆರಪಿಸ್ಟ್ ತೋರಿಸಿಕೊಟ್ಟರು.

ಅದಕ್ಕೂ ಮುಂಚೆ ಯಾರೋ ಹೇಳಿದರು ಅಂತ ಬಲೂನು ಊದಿಸಿದೆ, ಪೀಪಿ ಊದಿಸಿದೆ. ಮೂರು ತಿಂಗಳು ವ್ಯರ್ಥ. ಊದುವುದು ಚೆನ್ನಾಗಿ ಬಂತು, ಮಾತು ಬರಲಿಲ್ಲ. ಮಾತಿನ ಅಭ್ಯಾಸ ಮಾತಿನಿಂದಲೇ ಆಗಬೇಕು.

ವಾರಕ್ಕೆ ಎರಡು ಸಲ ಥೆರಪಿ ಕೇಂದ್ರ ಒಂದು ಕಡೆ, ದಿನಾ ಮನೆಯಲ್ಲಿ 10 ನಿಮಿಷ ಇನ್ನೊಂದು ಕಡೆ. ಮನೆಯ ಹತ್ತು ನಿಮಿಷವೇ ಹೆಚ್ಚು ಕೆಲಸ ಮಾಡಿತು. ಹೊಸ ಸದ್ದನ್ನು ಹುಟ್ಟಿಸುವುದು ಮಾತ್ರ ಥೆರಪಿಸ್ಟರಿಗೇ ಸಾಧ್ಯ, ನನಗೆ ಬರಲಿಲ್ಲ. ಸ್ಕ್ರೀನ್ ಮೇಲಿನ ಥೆರಪಿಯನ್ನೂ ನೋಡಿದೆವು. ಗಾಳಿ ಸೋರುವ ಸಣ್ಣ ಸದ್ದು ಮೈಕಿನಲ್ಲಿ ಸರಿಯಾಗಿ ದಾಟುವುದಿಲ್ಲ. ಎರಡು ತಿಂಗಳಿಗೆ ಬಿಟ್ಟೆವು.

ಆದರೆ ನಿಜವಾದ ತೊಡಕು ನಾನೇ ಆಗಿದ್ದೆ. ಅವಳು ಏನಂದರೂ ನನಗೆ ಅರ್ಥವಾಗುತ್ತಿತ್ತು. ಅರ್ಧ ಸದ್ದು ಹೊರಡುವಷ್ಟರಲ್ಲಿ ಬೇಕಾದ್ದು ಕೈಗೆ ಬರುತ್ತಿತ್ತು. ಹಾಗಿದ್ದ ಮೇಲೆ ಸ್ಪಷ್ಟವಾಗಿ ಹೇಳುವ ಅಗತ್ಯ ಅವಳಿಗೆ ಯಾಕೆ? ಚಿಕಿತ್ಸೆಗೆ ಮುಟ್ಟುವ ಕೈಗಳು ಕಡಿಮೆ ಬೇಕು. ಮಾತಿಗೆ ಅವಳನ್ನು ತಿಳಿಯದ ಕಿವಿಗಳು ಜಾಸ್ತಿ ಬೇಕು. ಇದು ನನಗೆ ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಹೋಗಿತ್ತು.

ದೊಡ್ಡ ಶಾಲೆ, ಮನೆ, ಸಣ್ಣ ಶಾಲೆ

ಮೂರೂವರೆಗೆ ಸೇರಿಸಿದ್ದು ದೊಡ್ಡ ಶಾಲೆ. ತರಗತಿಯಲ್ಲಿ 32 ಮಕ್ಕಳು. ಆರು ತಿಂಗಳಲ್ಲಿ ಮೂರು ಟೀಚರ್ ಬದಲಾದರು. ಶಾಲೆಯವರಿಗೆ ಅದು ಮಾಮೂಲು. ನನ್ನ ಮಗಳಿಗೆ ಅದು ಪಾಳಿ ಬದಲಾದ ಹಾಗೆ. ಕಲಿಕೆಯ ಸಾಮಾನು, ಆಟದ ಬಯಲು ಎಲ್ಲ ಚೆನ್ನಾಗಿತ್ತು. ಆದರೆ ಗದ್ದಲದಲ್ಲಿ ಅವಳಿಗೆ ಟೀಚರ ಮಾತು ಕೇಳಿಸುತ್ತಲೇ ಇರಲಿಲ್ಲ. "ಗಮನ ಕೊಡುವುದಿಲ್ಲ" ಅಂತ ಬರೆದು ಕಳಿಸಿದರು.

ಅಲ್ಲಿ ನಾವು ದತ್ತು ವಿಷಯ ಹೇಳಿರಲಿಲ್ಲ. ಅದು ಅವಳದು, ಯಾಕೆ ಎಲ್ಲರಿಗೂ ಹೇಳಬೇಕು ಅಂದುಕೊಂಡಿದ್ದೆವು. ಒಂದು ದಿನ "ಹುಟ್ಟಿದಾಗಿನ ಫೋಟೊ ತನ್ನಿ" ಅಂದರು. ನಮ್ಮ ಹತ್ತಿರ ಅಂಥ ಫೋಟೊ ಇಲ್ಲ. ಗೋಡೆಯ ಮೇಲೆ 31 ಪುಟ್ಟ ಮುಖಗಳು, ಒಂದು ಖಾಲಿ ಜಾಗ. ಅವಳು ಅದರ ಮುಂದೆ ನಿಂತದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಮಾರನೇ ದಿನದಿಂದ ಕಳಿಸಲಿಲ್ಲ.

ಮನೆಯಲ್ಲಿ ಒಂದು ವರ್ಷ. ಅವಳು ನನಗೆ ಅಂಟಿಕೊಂಡಿದ್ದು ಆಗಲೇ. ಅಪರಿಚಿತರು ಕೈ ಚಾಚಿದರೆ ನನ್ನ ಹಿಂದೆ ಅಡಗಿಕೊಳ್ಳುತ್ತಿದ್ದಳು. ಬೇರೆ ತಾಯಂದಿರು ಅದಕ್ಕೆ ಚಿಂತೆ ಮಾಡುತ್ತಾರೆ, ನಾನು ಸಂತೋಷದಿಂದ ಅತ್ತೆ. ಅಕ್ಷರ, ಎಣಿಕೆ ಎಲ್ಲ ಬಂತು. ಮಾತು ಮಾತ್ರ ನಿಂತಲ್ಲೇ ನಿಂತಿತು. ಆ ವರ್ಷ ನಾನು ಎಷ್ಟು ಸುಸ್ತಾಗಿದ್ದೆ ಅನ್ನುವುದನ್ನೂ ಹೇಳಬೇಕು. ತಾಯಿ, ಟೀಚರ್, ಥೆರಪಿಸ್ಟ್ ಮೂರೂ ನಾನೇ. ಸಂಜೆಯ ಹೊತ್ತಿಗೆ ಸುಮ್ನೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಷ್ಟು ತಾಳ್ಮೆಯೂ ಉಳಿಯುತ್ತಿರಲಿಲ್ಲ.

5ಕ್ಕೆ ಸಣ್ಣ ಶಾಲೆ. ತರಗತಿಯಲ್ಲಿ 12 ಮಕ್ಕಳು, ಎರಡು ವರ್ಷ ಒಬ್ಬರೇ ಟೀಚರ್. ವಯಸ್ಸಿಗಿಂತ ಒಂದು ತರಗತಿ ಕೆಳಗೆ ಹಾಕಿಸಿದೆವು. ಇದಕ್ಕೆ ಮನೆಯವರ ವಿರೋಧವಿತ್ತು. ಅವಳ ಬುದ್ಧಿಗೆ ಅದು ಬೇಕಿರಲಿಲ್ಲ ನಿಜ, ಆದರೆ ಆಪರೇಷನ್ನು, ಆಸ್ಪತ್ರೆಯಲ್ಲಿ ಕಳೆದ ದಿನಗಳು ಲೆಕ್ಕಕ್ಕೆ ಬರಬೇಕಲ್ವಾ? ಟೀಚರ್ ಕೊರಳಿಗೆ ಒಂದು ಸಣ್ಣ ಮೈಕ್ ಹಾಕಿಕೊಳ್ಳುತ್ತಿದ್ದರು, ಅವರ ಮಾತು ನೇರ ಅವಳ ಯಂತ್ರಕ್ಕೆ ಬರುತ್ತಿತ್ತು. ಗಮನ ಕೊಡದ ಹುಡುಗಿ ಎರಡು ವಾರದಲ್ಲಿ ಮಾಯವಾದಳು. ಇಲ್ಲಿ ಆಟದ ಬಯಲು ಚಿಕ್ಕದು, ಪುಸ್ತಕಗಳು ಕಡಿಮೆ. ನಾನು ಅದನ್ನು ಲೆಕ್ಕಿಸಲಿಲ್ಲ. ಅವಳ ಮಾತು ಅರ್ಥವಾಗದೆ "ಏನು?" ಅಂತ ಕೇಳುವ ಹನ್ನೊಂದು ಮಕ್ಕಳು ಅಲ್ಲಿದ್ದರು. ಅವರ ಜೊತೆ ಆಡಬೇಕೆಂಬ ಆಸೆಗೆ ಅವಳು ಬ ಕಲಿತಳು.

ಈ ಸಲ ಟೀಚರಿಗೆ ಎರಡು ವಿಷಯ ಹೇಳಿದೆವು. ದತ್ತು ಅಂತ ಹೇಳಿದೆವು, ಕಿವಿ–ಬಾಯಿಯ ಬಗ್ಗೆ ಹೇಳಿದೆವು. ಹೆತ್ತವರ ಬಗ್ಗೆ ನಮಗೆ ಗೊತ್ತಿರುವ ಸ್ವಲ್ಪವನ್ನು ಹೇಳಲಿಲ್ಲ. ಅದು ಅವಳು ದೊಡ್ಡವಳಾಗಿ ಹೇಳಬೇಕಾದದ್ದು. ವಂಶವೃಕ್ಷದ ಪಾಠ ಬಂದಾಗ ಟೀಚರ್ ಮೊದಲೇ ಫೋನ್ ಮಾಡಿ, "ನನ್ನನ್ನು ನೋಡಿಕೊಳ್ಳುವವರು ಅಂತ ಮಾಡಿಸಲಾ?" ಅಂದರು. ಮಗಳು ನಮ್ಮಿಬ್ಬರನ್ನೂ ಬರೆದಳು. ಮೂಲೆಯಲ್ಲಿ ಮಕ್ಕಳ ಡಾಕ್ಟರನ್ನೂ ಬರೆದಳು, ಸ್ಟೆತಾಸ್ಕೋಪ್ ಸಮೇತ.

ಮುಂದಿರುವುದು ಒಸಡಿನ ಸೀಳಿಗೆ ಮೂಳೆ ತುಂಬುವ ಆಪರೇಷನ್. ಮೇಲಿನ ಕೋರೆಹಲ್ಲು ಹುಟ್ಟುವ ಮುಂಚೆ ಆಗಬೇಕು, ಹಾಗಾಗಿ ಇನ್ನು ಒಂದೆರಡು ವರ್ಷದಲ್ಲಿ. ಕಳೆದ ತಿಂಗಳು ತಂಡದ ಫಾರಂ ತುಂಬುತ್ತಿದ್ದೆ. "ಕುಟುಂಬದಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ" ಅನ್ನುವ ಕಡೆ ಎಂದಿನಂತೆ "ಗೊತ್ತಿಲ್ಲ" ಅಂತ ಬರೆದೆ. ಈಗ ಅವಳಿಗೆ ಓದಲು ಬರುತ್ತದೆ. ಪಕ್ಕದಲ್ಲಿ ನಿಂತು ಅದನ್ನು ಜೋರಾಗಿ ಓದಿದಳು. ಗ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಂಡಿತು. ತಾನೇ ನಿಲ್ಲಿಸಿ, ಇನ್ನೊಂದು ಸಲ ಸರಿಯಾಗಿ ಹೇಳಿದಳು. ಆಮೇಲೆ, "ಎಚ್ಚರ ಆಗುವಾಗ ಅಮ್ಮ ಇರಬೇಕು ಅಂತಾನೂ ಬರಿ" ಅಂದಳು. ಅದಕ್ಕೆ ಫಾರಂನಲ್ಲಿ ಜಾಗ ಇರಲಿಲ್ಲ. ಅಂಚಿನಲ್ಲಿ ಬರೆದೆ.