ದಾವಣಗೆರೆಯಲ್ಲಿ ಸೇವಾ ಕ್ಲಬ್ ಮೆಂಬರ್‌ಶಿಪ್: ಐದಕ್ಕೆ ಮೂರು ಸ್ಟಾರ್

ರೋಟರಿ, ಲಯನ್ಸ್ ಥರದ ಕ್ಲಬ್, ಹೆಸರು ಮಾತ್ರ ಹಾಕುವುದಿಲ್ಲ. ಊರು ಎಷ್ಟೇ ಬೆಳೆದರೂ ಪಿ.ಜೆ. ಬಡಾವಣೆಯಲ್ಲಿ ಸೀನಿದರೆ ವಿದ್ಯಾನಗರದಲ್ಲಿ ಕೇಳಿಸುತ್ತದೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಕಣ್ಣಿನ ತಪಾಸಣೆ, ರಕ್ತದಾನದ ಶಿಬಿರಗಳು ನಿಜವಾಗಿ ಚೆನ್ನಾಗಿ ನಡೆಯುತ್ತವೆ, ಫೋಟೋಗೆ ಮಾತ್ರ ಅಲ್ಲ. ಅಡಿಕೆ ಮಂಡಿಯವರು, ಡಾಕ್ಟರು, ಆಡಿಟರು, ರೈಸ್ ಮಿಲ್‌ನವರು ಎಲ್ಲರ ಪರಿಚಯವಾಗುತ್ತದೆ. ಖರ್ಚಿನ ವಿಷಯಕ್ಕೆ ಒಂದು ಸ್ಟಾರ್ ಕಡಿಮೆ. ವರ್ಷದ ಚಂದಾ ಅಂತ ಒಂದು ಮೊತ್ತ ಹೇಳುತ್ತಾರೆ, ಆಮೇಲೆ ಬ್ಯಾನರ್, ಶಾಲು, ಹಾರ, ಊಟ ಅಂತ ಕೈ ಚಾಚುತ್ತಲೇ ಇರುತ್ತಾರೆ.

ಇನ್ನೊಂದು ಸ್ಟಾರ್ ಹೋಗಿದ್ದು ದೇವರ ವಿಷಯಕ್ಕೆ. ಸೇರುವ ಮೊದಲು ನಮ್ಮ ಅವ್ವ ಕೇಳಿದ್ದು ಒಂದೇ ಪ್ರಶ್ನೆ, "ಅಲ್ಲಿ ಲಿಂಗ ತೆಗಿ ಅಂತಾರೇನಪ್ಪಾ?" ಇಲ್ಲ, ಯಾರೂ ಕೇಳುವುದಿಲ್ಲ. ಇಂಥ ಕ್ಲಬ್‌ಗಳ ಮೂಲವೇ ವ್ಯಾಪಾರಸ್ಥರ ಕೂಟ. ರೋಟರಿ 1905ರಲ್ಲಿ ಶುರುವಾಯಿತು, ಲಯನ್ಸ್ 1917ರಲ್ಲಿ, ಎರಡೂ ಷಿಕಾಗೋದಲ್ಲಿ. ಸೇರಲು ದೇವರನ್ನು ನಂಬಲೇಬೇಕು ಅಂತೇನಿಲ್ಲ. ಲಯನ್ಸ್ ಉದ್ದೇಶಗಳಲ್ಲಂತೂ ಪಕ್ಷ ರಾಜಕೀಯ, ಮತಪಂಥದ ವಿಚಾರ ಸದಸ್ಯರು ಚರ್ಚಿಸಬಾರದು ಅಂತ ಬರೆದೇ ಇದೆ.

ಚರ್ಚೆ ಬೇಡ, ಸರಿ. ಆದರೆ ಆಚರಣೆ? ನಮ್ಮಲ್ಲಿ ಸಭೆ ಶುರುವಿನ ಗಂಟೆ ಬಾರಿಸಿದ ಕೂಡಲೇ ಗಣಪತಿ ಶ್ಲೋಕ, ಪ್ರತಿ ಸಲವೂ ಅದೇ. ಜುಲೈ ಪದಗ್ರಹಣಕ್ಕೆ ದೀಪ, ಕಾಯಿ, ಕರ್ಪೂರ, ಮಂತ್ರ. ನನಗೇನೂ ತೊಂದರೆ ಇಲ್ಲ, ಮನೆಯಲ್ಲೂ ಮಾಡುತ್ತೇವೆ. ಆದರೆ ಪಕ್ಕದಲ್ಲಿ ಬಟ್ಟೆ ವ್ಯಾಪಾರದ ಸಾಬರೊಬ್ಬರು ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ನಿಂತಿದ್ದರು. ಒಂದು ನಿಮಿಷ ಮೌನ ಇಟ್ಟರೆ ಸಾಕಲ್ವಾ ಅಂತ ಅಧ್ಯಕ್ಷರನ್ನು ಕೇಳಿದೆ. "ಇದು ಧರ್ಮ ಅಲ್ಲ ಸಾರ್, ಸಂಪ್ರದಾಯ" ಅಂದರು. ಚರ್ಚೆ ಮಾಡಬಾರದು ಅನ್ನುವ ನಿಯಮ ಇಂಥ ಸಮಯಕ್ಕೆ ಬಹಳ ಅನುಕೂಲ ನೋಡಿ, ಕೇಳಿದವನೇ ನಿಯಮ ಮುರಿದಂತಾಗುತ್ತದೆ!

ಈ ವಿಷಯದಲ್ಲಿ ಫ್ರೀಮೇಸನ್ನರು, ಅಂದರೆ ಗುಟ್ಟಿನ ಆಚರಣೆಗಳಿರುವ ಹಳೆಯ ಸಹೋದರ ಕೂಟದವರು, ಜಾಸ್ತಿ ತಲೆ ಕೆಡಿಸಿಕೊಂಡಿದ್ದಾರೆ. ಅವರಲ್ಲಿ ಬಹುತೇಕ ಕಡೆ ದೇವರ ನಂಬಿಕೆ ಕಡ್ಡಾಯ, ಯಾವ ದೇವರು ಅಂತ ಮಾತ್ರ ಕೇಳುವುದಿಲ್ಲ. ಎಲ್ಲರಿಗೂ ಹೊಂದಲಿ ಅಂತ ವಿಶ್ವದ ಮಹಾಶಿಲ್ಪಿ ಅನ್ನುತ್ತಾರೆ. ಲಂಡನ್ನಿನಲ್ಲಿ 1723ರಲ್ಲಿ ಅಚ್ಚಾದ ಅವರ ನಿಯಮಗಳಲ್ಲೇ, ಎಲ್ಲರೂ ಒಪ್ಪುವ ಧರ್ಮ ಸಾಕು, ಉಳಿದದ್ದು ಅವರವರಿಗೆ ಬಿಟ್ಟಿದ್ದು ಎಂಬ ಅರ್ಥದ ಮಾತಿದೆ. ಈ ಸಡಿಲಿಕೆ, ಜೊತೆಗೆ ಅವರ ಗುಟ್ಟು, ಪೋಪ್‌ಗೆ ಹಿಡಿಸಲಿಲ್ಲ, 1738ರಲ್ಲಿ ಕ್ಯಾಥೊಲಿಕರು ಸೇರಬಾರದು ಅಂತ ಆಜ್ಞೆ ಹೊರಡಿಸಿದರು. 1877ರಲ್ಲಿ ಫ್ರಾನ್ಸ್‌ನ ಶಾಖೆ ದೇವರ ಷರತ್ತನ್ನೇ ತೆಗೆದುಹಾಕಿದಾಗ ಇಂಗ್ಲೆಂಡಿನವರು ಅವರ ಸಂಬಂಧ ಕಡಿದುಕೊಂಡರು. ನಮ್ಮ ದೇಶದ ಕತೆ ಇನ್ನೂ ಮಜಾ. ಕಲ್ಕತ್ತಾದಲ್ಲಿ ಪ್ರಸನ್ನ ಕುಮಾರ ದತ್ತ ಎಂಬ ವರ್ತಕರು ಸೇರಲು ಕೇಳಿಕೊಂಡರೆ, ಹಿಂದೂಗಳಿಗೆ ದೇವರು ಬಹಳ, ಒಬ್ಬ ದೇವರ ಮೇಲೆ ಹೇಗೆ ಪ್ರಮಾಣ ಮಾಡುತ್ತಾರೆ ಅಂತ ಅಲ್ಲಿನ ಮೇಸನ್ನರು ತಕರಾರು ತೆಗೆದರು. ಕೊನೆಗೆ 1872ರಲ್ಲಿ ಸೇರಿಸಿಕೊಂಡರು. ದೇವರು ಒಬ್ಬನೇ ಅಂತ ವಚನ ಕೇಳಿಕೊಂಡೇ ಬೆಳೆದ ನಮ್ಮ ಕಡೆಯವರಿಗೆ ಇದು ನಗು ಬರುವ ವಾದ. 1961ರಲ್ಲಿ ಭಾರತದ್ದೇ ಗ್ರ್ಯಾಂಡ್ ಲಾಡ್ಜ್, ಅಂದರೆ ಶಾಖೆಗಳ ಮೇಲಿನ ಸಂಸ್ಥೆ, ಆಯಿತು. ಇಲ್ಲಿ ಸದಸ್ಯರು ತಮ್ಮ ತಮ್ಮ ಗ್ರಂಥದ ಮೇಲೆ ಪ್ರಮಾಣ ಮಾಡಬಹುದು, ಗೀತೆ, ಕುರಾನ್, ಬೈಬಲ್ ಎಲ್ಲಕ್ಕೂ ಜಾಗವಿದೆ.

ಅವರ ಗುಟ್ಟು, ಸಭೆಗೆ ಕಟ್ಟಿಕೊಳ್ಳುವ ಏಪ್ರನ್ನು, ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಪದವಿ ನನಗೆ ಸರಿಹೋಗುವುದಿಲ್ಲ, ಅದು ಬೇರೆ ಮಾತು. ಆದರೆ ಎಲ್ಲರೂ ಒಂದೇ ಕೋಣೆಯಲ್ಲಿ ನಿಲ್ಲಬೇಕಾದರೆ ದೇವರನ್ನು ಎಲ್ಲಿಡಬೇಕು ಅಂತ ಅವರು ಕೂತು ಯೋಚಿಸಿದ್ದಾರೆ. ನಮ್ಮ ಕ್ಲಬ್‌ನವರು ಜಾಸ್ತಿ ಜನರಿಗೆ ಬರುವ ಶ್ಲೋಕ ಹಾಕಿ ಕೈತೊಳೆದುಕೊಂಡಿದ್ದಾರೆ.

ಸೇರಬಹುದಾ? ಶಿಬಿರದಲ್ಲಿ ನಿಂತು ಕೆಲಸ ಮಾಡುವ ಮನಸ್ಸಿದ್ದರೆ ಖಂಡಿತ ಸೇರಿ. ಒಳಗಿನ ನೆಮ್ಮದಿ ಹುಡುಕುವವರು ಸುಮ್ನೆ ದುಡ್ಡು ಕಳೆಯಬೇಡಿ. ಫಾರಂ ತುಂಬುವ ಮೊದಲು ಒಂದು ಸಭೆಗೆ ಅತಿಥಿಯಾಗಿ ಹೋಗಿ, ಪ್ರಾರ್ಥನೆ ಏನು ಹಾಡುತ್ತಾರೆ ಕೇಳಿಸಿಕೊಳ್ಳಿ, ಖರ್ಚಿನ ಲೆಕ್ಕ ಪೂರ್ತಿ ಬರೆದು ಕೊಡಿ ಅನ್ನಿ. ಊಟ ಚೆನ್ನಾಗಿರುತ್ತದೆ. ಭಾಷಣ ಮುಗಿಯುವಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತದೆ, ಅಷ್ಟೇ.