ಜ್ಯೂಸ್, ಕೀಟೋ, 16:8, ಕ್ಯಾಲೊರಿ ಲೆಕ್ಕ: ನಾಲ್ಕನ್ನೂ ಮಾಡಿ ನೋಡಿದ ಮೇಲೆ

ಮೂರೂವರೆ ವರ್ಷದಲ್ಲಿ ನಾಲ್ಕು ಡಯಟ್ ಮಾಡಿದ್ದೇನೆ. ಶುರುವಿನಲ್ಲಿ ನನ್ನ ತೂಕ 86 ಕೆಜಿ. ಮೊದಲನೆಯದು ಬರೀ ಜ್ಯೂಸ್ ಮತ್ತು ಸೂಪ್, ದಿನಕ್ಕೆ ಸುಮಾರು 800 ಕ್ಯಾಲೊರಿ. ಎರಡನೆಯದು ಕೀಟೋ: ಅನ್ನ, ಬ್ರೆಡ್, ಸಕ್ಕರೆ ಎಲ್ಲ ಬಿಟ್ಟು ಮೊಟ್ಟೆ, ಮಾಂಸ, ಬೆಣ್ಣೆ, ಸೊಪ್ಪು. ಮೂರನೆಯದು 16:8, ಅಂದರೆ ದಿನದಲ್ಲಿ 16 ಗಂಟೆ ಏನೂ ತಿನ್ನದೆ ಉಳಿದ 8 ಗಂಟೆಯೊಳಗೆ ಊಟ ಮುಗಿಸುವುದು. ನಾಲ್ಕನೆಯದಕ್ಕೆ ಅಡುಗೆಮನೆಯಲ್ಲಿ ಪುಟ್ಟ ತೂಕದ ಮಷಿನ್ ಇಟ್ಟುಕೊಂಡು, ತಿಂದದ್ದನ್ನೆಲ್ಲ ಅಳೆದು ಬರೆದಿಟ್ಟೆ. ನಾಲ್ಕರಲ್ಲೂ ತೂಕ ಇಳಿಯಿತು. ಮೂರರಲ್ಲಿ ವಾಪಸ್ ಬಂತು.

ಡಯಟ್ ವಿಷಯ ಬಂದರೆ ಎಲ್ಲರೂ ಕೇಳುವುದು ಒಂದೇ: ಎಷ್ಟು ದಿನಕ್ಕೆ ಎಷ್ಟು ಕೆಜಿ ಇಳಿಯಿತು? ನಾನೂ ಅದನ್ನೇ ಕೇಳಿಕೊಂಡು ಶುರು ಮಾಡಿದವಳು. ಈಗ ಹೋಲಿಸಿ ನೋಡುವುದು ಬೇರೆ ಮೂರು ವಿಷಯ. ಮೊದಲ ವಾರ ಇಳಿದದ್ದು ನಿಜಕ್ಕೂ ಏನು? ಹಸಿವು ಹೇಗಿತ್ತು? ಡಯಟ್ ತಪ್ಪಿದ ಮರುದಿನ ಏನಾಯಿತು? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಅಂತ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಮೊದಲ ವಾರ

ಜ್ಯೂಸ್‌ನಲ್ಲಿ 12 ದಿನಕ್ಕೆ 4.5 ಕೆಜಿ. ಕೀಟೋದಲ್ಲಿ ಒಂದೇ ವಾರಕ್ಕೆ 2.8 ಕೆಜಿ. 16:8ರಲ್ಲಿ ವಾರಕ್ಕೆ 400 ಗ್ರಾಂ. ಲೆಕ್ಕ ಇಟ್ಟು ತಿಂದಾಗ 700 ಗ್ರಾಂ. ಇಷ್ಟೇ ನೋಡಿದರೆ ಮೊದಲ ಎರಡೇ ಗೆದ್ದ ಹಾಗೆ ಕಾಣುತ್ತದೆ, ಅಲ್ವಾ?

ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಆಗ ನನ್ನ ದೇಹಕ್ಕೆ ದಿನಕ್ಕೆ 2,300 ಕ್ಯಾಲೊರಿಯಷ್ಟು ಬೇಕಿತ್ತು. 800 ತಿಂದರೆ ಕೊರತೆ 1,500. ಹನ್ನೆರಡು ದಿನಕ್ಕೆ 18,000. ಅಂದರೆ ಹೆಚ್ಚೆಂದರೆ 2.3 ಕೆಜಿ ಕೊಬ್ಬು. ಉಳಿದದ್ದು ನೀರು, ಖಾಲಿಯಾದ ಕರುಳು ಮತ್ತು ಒಂದಿಷ್ಟು ಸ್ನಾಯು.

ಕೀಟೋದ ಕಥೆಯೂ ಇದೇ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಅಂತ ಒಂದು ಸಕ್ಕರೆಯ ದಾಸ್ತಾನು ಇರುತ್ತದೆ, ಒಟ್ಟು ಅರ್ಧ ಕೆಜಿ ಆಸುಪಾಸು. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಕಾರ್ಬ್, ಅಂದರೆ ಅನ್ನ, ಬ್ರೆಡ್, ಸಕ್ಕರೆಯಂಥದ್ದು, ಬಿಟ್ಟ ಕೂಡಲೇ ಈ ದಾಸ್ತಾನು ಕರಗಿ, ನೀರೂ ಹೊರಟುಹೋಗುತ್ತದೆ. ತಿರುಗಿ ಕಾರ್ಬ್ ತಿಂದರೆ ಕೆಲವೇ ದಿನದಲ್ಲಿ ಆ ನೀರು ವಾಪಸ್ ಬರುತ್ತದೆ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ನನ್ನ ಎಂಟು ತಿಂಗಳು ಉಳಿಯುತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಹಸಿವು

ಜ್ಯೂಸ್ ಡಯಟ್‌ನ ಒಂಬತ್ತನೇ ರಾತ್ರಿ ಈಗಲೂ ಕಣ್ಣ ಮುಂದಿದೆ. ಹನ್ನೊಂದೂವರೆಗೆ ಫ್ರಿಜ್ ಬಾಗಿಲು ತೆಗೆದು, ಆ ಬೆಳಕಿನಲ್ಲಿ ಸುಮ್ನೆ ನಿಂತಿದ್ದೆ. ಏನೂ ತಿನ್ನಲಿಲ್ಲ. ಜಾಮ್ ಬಾಟಲಿಯ ಹಿಂದೆ ಬರೆದಿದ್ದನ್ನು ಓದುತ್ತಾ ನಿಂತೆ. ಹಾಸಿಗೆಗೆ ಹೋದ ಮೇಲೆ ಫೋನಿನಲ್ಲಿ ಅಡುಗೆ ವಿಡಿಯೊ ನೋಡಿದೆ, ಒಂದಾದ ಮೇಲೊಂದು. ನನ್ನಲ್ಲೇ ಏನೋ ಕೊರತೆ, ನನಗೆ ಮನಸ್ಸು ಗಟ್ಟಿ ಇಲ್ಲ ಅಂದುಕೊಂಡು ಅತ್ತಿದ್ದೆ.

ಆಮೇಲೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದ ಬಗ್ಗೆ ಓದಿದೆ. ಆರೋಗ್ಯವಾಗಿದ್ದ 36 ಗಂಡಸರಿಗೆ ಆರು ತಿಂಗಳು ದಿನಕ್ಕೆ 1,600 ಕ್ಯಾಲೊರಿಯಷ್ಟು ಊಟ ಕೊಟ್ಟು, ಜಾಸ್ತಿ ನಡೆಸಿದರು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಊಟ ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ ಅವರಿಗೆ. ಕೆಲವರು ಅಡುಗೆ ಪುಸ್ತಕ ಹಿಡಿದು ಕೂತರು. ಊಟದ ಮಿತಿ ತೆಗೆದ ಮೇಲೆ ಎಷ್ಟು ತಿಂದರೂ ಸಾಲದಂಥ ಹಸಿವು. ಆ ರಾತ್ರಿ ನನಗಾದದ್ದು ಮನಸ್ಸಿನ ದೌರ್ಬಲ್ಯ ಅಲ್ಲ, ಹಸಿದ ದೇಹ ಯಾವತ್ತೂ ಮಾಡುವ ಕೆಲಸ ಅಂತ ಓದಿ ತಿಳಿದಾಗ ಆದ ಸಮಾಧಾನ ದೊಡ್ಡದು. ಅವರಿಗೆ ಕೊಟ್ಟದ್ದರ ಅರ್ಧದಷ್ಟು ತಿಂದು ನಾನು ಬದುಕಲು ನೋಡಿದ್ದೆ.

ಹಸಿವಿನ ಮಟ್ಟಿಗೆ ಕೀಟೋ ನಿಜಕ್ಕೂ ಒಳ್ಳೆಯದು, ಇದನ್ನು ಒಪ್ಪಲೇಬೇಕು. ಮೊದಲ ವಾರದ ತಲೆನೋವು, ಸುಸ್ತು ಕಳೆದ ಮೇಲೆ ಮಧ್ಯಾಹ್ನ ಎರಡರವರೆಗೂ ಊಟದ ನೆನಪಾಗುತ್ತಿರಲಿಲ್ಲ. 16:8ರಲ್ಲಿ ಬೆಳಗಿನ ಹಸಿವು ಹತ್ತು ದಿನದಲ್ಲಿ ಅಭ್ಯಾಸವಾಯಿತು. ಲೆಕ್ಕ ಇಡುವಾಗ ಮಾತ್ರ ಎರಡೂ ಥರ ಆಯಿತು: ಪ್ರೋಟೀನ್ ಕಡಿಮೆಯಾದ ದಿನ ಸಂಜೆ ಕೈ ನಡುಗುವಷ್ಟು ಹಸಿವು, ಮೊಟ್ಟೆ, ಕಾಳು, ಮೊಸರು ಸರಿಯಾಗಿ ತಿಂದ ದಿನ ಅಷ್ಟೇ ಕ್ಯಾಲೊರಿಯಲ್ಲಿ ಹೊಟ್ಟೆ ತಣ್ಣಗೆ. ಕೀಟೋದಲ್ಲಿ ನನಗೆ ಹಸಿವಾಗದಿರುವುದಕ್ಕೂ ಅರ್ಧ ಕಾರಣ ಇದೇ ಇರಬೇಕು. ಕಾರ್ಬ್ ಬಿಟ್ಟದ್ದಕ್ಕಿಂತ ಪ್ರೋಟೀನ್ ಜಾಸ್ತಿ ಆದದ್ದು.

ತಪ್ಪಿದ ಮರುದಿನ

ಜ್ಯೂಸ್ ತಪ್ಪಿದ್ದು ಹದಿಮೂರನೇ ದಿನ. ಮುಂದೇನು ತಿನ್ನಬೇಕು ಅಂತ ಆ ಡಯಟ್ ಏನನ್ನೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಮೊದಲಿನ ಹಾಗೇ ತಿಂದೆ, ಇನ್ನಷ್ಟು ಜಾಸ್ತಿಯೇ. ಆರು ವಾರಕ್ಕೆ 87 ಕೆಜಿ. ಇದನ್ನು ಯಾರಿಗೂ ಮಾಡಿ ಅನ್ನಲಾರೆ.

ಕೀಟೋ ನಾಲ್ಕು ತಿಂಗಳು ನಡೆಯಿತು. 77 ಕೆಜಿಗೆ ಬಂದಿದ್ದೆ. ಆಮೇಲೆ ಒಂದು ವಾರದ ಪ್ರವಾಸ. ಎಲ್ಲರ ಜೊತೆ ಕೂತು ಅನ್ನ, ಬ್ರೆಡ್, ಸಿಹಿ ತಿಂದೆ. ಮೂರನೇ ದಿನ ತೂಕ ನೋಡಿದರೆ 79.2. ನಾಲ್ಕು ತಿಂಗಳ ಶ್ರಮ ಮೂರೇ ದಿನಕ್ಕೆ ಹೋಯಿತು ಅಂತ ಕುಸಿದುಬಿಟ್ಟೆ. ಮೂರು ದಿನದಲ್ಲಿ ಎರಡು ಕೆಜಿ ಕೊಬ್ಬು ಬರಬೇಕಾದರೆ ಬೇಕಾದ್ದಕ್ಕಿಂತ 15,000 ಕ್ಯಾಲೊರಿಗೂ ಜಾಸ್ತಿ ತಿಂದಿರಬೇಕು. ಅಷ್ಟು ತಿಂದಿರಲಿಲ್ಲ. ಬಂದದ್ದು ಅದೇ ಗ್ಲೈಕೋಜೆನ್, ಅದೇ ನೀರು. ಅದು ಗೊತ್ತಿಲ್ಲದೆ "ಎಲ್ಲ ಹಾಳಾಯಿತು" ಅಂತ ಬಿಟ್ಟುಬಿಟ್ಟೆ. ಎಂಟು ತಿಂಗಳಲ್ಲಿ 85 ಆದೆ. ಆ ಏರಿಕೆ ಪ್ರವಾಸದ ಊಟದಿಂದ ಬಂದದ್ದಲ್ಲ, ಬಿಟ್ಟುಬಿಟ್ಟದ್ದರಿಂದ ಬಂದದ್ದು.

ಕೀಟೋದಲ್ಲಿ ನನಗೆ ಕಂಡ ತೊಂದರೆ ಇದೇ. ಅಲ್ಲಿ ಒಳಗೆ ಅಥವಾ ಹೊರಗೆ, ನಡುವೆ ಜಾಗವಿಲ್ಲ. ಅದರಲ್ಲೇ ವರ್ಷಗಟ್ಟಲೆ ಖುಷಿಯಾಗಿರುವವರೂ ಇದ್ದಾರೆ, ಅವರಿಗೆ ಅದು ಸರಿ. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರ ಮೇಲೆ ಒಂದು ವರ್ಷ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕೆಜಿ, ಊಟದಲ್ಲಿ ಕೊಬ್ಬಿನ ಅಂಶ ಕಡಿಮೆ ಮಾಡಿದವರು 5.3 ಕೆಜಿ ಇಳಿದರು. ವ್ಯತ್ಯಾಸ ಅಂತ ಹೇಳುವಂಥದ್ದೇನಲ್ಲ. ಆದರೆ ಎರಡೂ ಗುಂಪಿನಲ್ಲಿ ತುಂಬಾ ಇಳಿದವರೂ ಇದ್ದರು, ತೂಕ ಏರಿದವರೂ ಇದ್ದರು.

16:8 ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಪ್ಪಿದರೆ ಮರುದಿನ ಸುಲಭವಾಗಿ ಶುರು ಮಾಡಬಹುದು, ಅದು ಅದರ ದೊಡ್ಡ ಗುಣ. ಆದರೆ ಎಂಟು ಗಂಟೆಯೊಳಗೆ ನಾನು ಮೊದಲಿನಷ್ಟೇ ತಿಂದೆ. ಮೂರು ತಿಂಗಳಿಗೆ ಒಂದೂವರೆ ಕೆಜಿ, ಅದೂ ಉಳಿಯಲಿಲ್ಲ. ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಕ್ಯಾಲೊರಿ ಒಂದೇ ಇದ್ದಾಗ ಗಂಟೆಯ ಮಿತಿಯಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ರಾತ್ರಿ ಹತ್ತರ ಮೇಲೆ ತಿನ್ನುವ ಚಟ ಇರುವವರಿಗೆ ಇದು ಒಳ್ಳೆಯ ಬೇಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸಕ್ಕೆ ಕೈ ಹಾಕಬೇಡಿ, ದಯವಿಟ್ಟು.

ಎಣ್ಣೆಯ ಬಾಣಲೆ

ಲೆಕ್ಕ ಇಡಲು ಶುರು ಮಾಡಿದ ಎರಡನೇ ದಿನ ಬಾಣಲೆಯನ್ನೇ ತೂಕದ ಮಷಿನ್ ಮೇಲೆ ಇಟ್ಟೆ. ಸೊನ್ನೆಗೆ ತಂದು, ದಿನಾ ಸುರಿಯುವ ಹಾಗೇ ಎಣ್ಣೆ ಸುರಿದೆ. 32 ಗ್ರಾಂ. "ಎರಡು ಚಮಚ" ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ, ಸಣ್ಣ ಚಮಚದಲ್ಲಿ 90 ಕ್ಯಾಲೊರಿಯೂ ಆಗದು. ಇಲ್ಲಿದ್ದದ್ದು 290ರ ಹತ್ತಿರ. ಅದೂ ಒಂದೇ ಹೊತ್ತಿನ ಅಡುಗೆಗೆ. ಅದೇ ಎಣ್ಣೆಯನ್ನು ವಾಪಸ್ ಬಾಟಲಿಗೆ ಬಗ್ಗಿಸಿ, 10 ಗ್ರಾಂ ಅಳೆದು ಹಾಕಿದೆ. ರುಚಿಯಲ್ಲಿ ಮನೆಯವರಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ.

ತಾನು ಕಮ್ಮಿ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುವವರ ಮೇಲೆ 1992ರಲ್ಲಿ ಒಂದು ಅಧ್ಯಯನ ಬಂದಿತ್ತು. ಅವರು ತಿಂದದ್ದನ್ನು ಸರಾಸರಿ 47% ಕಡಿಮೆ ಬರೆದಿದ್ದರು. ಅವರು ಸುಳ್ಳು ಹೇಳಿದರು ಅಂತ ನನಗನ್ನಿಸುವುದಿಲ್ಲ. ನನ್ನ ಬಾಣಲೆಯಲ್ಲಿ ಆದದ್ದೇ ಅವರಿಗೂ ಆಗಿರಬೇಕು.

ಐದು ತಿಂಗಳಲ್ಲಿ 85ರಿಂದ 76ಕ್ಕೆ ಬಂದೆ. ನಡುವೆ ಮೂರು ವಾರ ತೂಕ ಅಲ್ಲಾಡಲಿಲ್ಲ. ಇದನ್ನೂ ಹೇಳಬೇಕು: ದೇಹ ಹಗುರಾದಂತೆ ಅದಕ್ಕೆ ಬೇಕಾದ ಕ್ಯಾಲೊರಿಯೂ ಇಳಿಯುತ್ತದೆ, ಮೊದಲು ಕೊರತೆಯಾಗಿದ್ದ ಊಟ ಈಗ ಸರಿಸಮ ಆಗುತ್ತದೆ. ಹಸಿವಿನ ಹಾರ್ಮೋನುಗಳೂ ಬೇಗ ತಣ್ಣಗಾಗುವುದಿಲ್ಲ. ತೂಕ ಇಳಿದು ಒಂದು ವರ್ಷವಾದ ಮೇಲೂ ಅವು ಹೆಚ್ಚು ತಿನ್ನು ಅಂತಲೇ ಹೇಳುತ್ತಿರುತ್ತವೆ ಅಂತ 2011ರ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿದೆ. ಗುರಿ ಮುಟ್ಟಿದ ದಿನ ಡಯಟ್ ಮುಗಿಯಿತು ಅಂದುಕೊಳ್ಳುವುದು ಅದಕ್ಕೇ ಅಪಾಯ.

ಇಷ್ಟಾದರೂ ಜೀವನಪೂರ್ತಿ ಅಳೆದು ತಿನ್ನಲು ನನ್ನಿಂದ ಆಗದು. ಊಟಕ್ಕೆ ಕರೆದವರ ಮನೆಗೆ ಮಷಿನ್ ಒಯ್ಯಲಾಗುತ್ತದೆಯೇ? ಆರನೇ ತಿಂಗಳು ಅದನ್ನು ಕಪಾಟಿನಲ್ಲಿಟ್ಟೆ. ಆ ಹೊತ್ತಿಗೆ ಕಣ್ಣಿಗೆ ಅಳತೆ ಸಿಕ್ಕಿತ್ತು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಅನ್ನವೋ ಬ್ರೆಡ್ಡೋ. ದಿನಾ 45 ನಿಮಿಷ ನಡಿಗೆ, ವಾರಕ್ಕೆ ಎರಡು ದಿನ ಭಾರ ಎತ್ತುವುದು, ಸ್ನಾಯು ಕರಗದಿರಲಿ ಅಂತ. ರಾತ್ರಿ ಏಳು ಗಂಟೆ ನಿದ್ದೆ. ನಿದ್ದೆಗೆಟ್ಟ ಮರುದಿನ ಏನು ಕಂಡರೂ ತಿನ್ನಬೇಕು ಅನ್ನಿಸುತ್ತದೆ, ಗಮನಿಸಿ ನೋಡಿ.

ಜೊತೆಗೆ ಒಂದು ನಿಯಮ ಇಟ್ಟುಕೊಂಡೆ: ವಾರಕ್ಕೊಮ್ಮೆ ತೂಕ ನೋಡುವುದು, ಎರಡು ವಾರ ಸತತವಾಗಿ 78 ದಾಟಿದರೆ ಅಳೆಯುವ ಮಷಿನ್ ಹೊರಗೆ ತೆಗೆಯುವುದು. ಒಂದು ವಾರ ಏರಿದರೆ ಅದು ನೀರೂ ಇರಬಹುದು, ಅದಕ್ಕೇ ಎರಡು ವಾರ. ಅಮೆರಿಕದಲ್ಲಿ 1994ರಲ್ಲಿ ತೂಕ ಇಳಿಸಿದವರ ದಾಖಲೆ ಇಡುವ ಕೆಲಸ ಶುರುವಾಯಿತು. ಕನಿಷ್ಠ 13.6 ಕೆಜಿ ಇಳಿಸಿ, ಒಂದು ವರ್ಷವಾದರೂ ಹಾಗೇ ಉಳಿಸಿಕೊಂಡವರು ಅದರಲ್ಲಿ ಸೇರಿದ್ದಾರೆ. ಅವರು ತೂಕ ಇಳಿಸಿದ ದಾರಿ ಬೇರೆ ಬೇರೆ. ಆದರೆ ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ.

ಈಗ ಎರಡು ವರ್ಷದಿಂದ 75 ಮತ್ತು 77ರ ನಡುವೆ ಇದ್ದೇನೆ. ಕಳೆದ ತಿಂಗಳು ಮಾತ್ರ ಎರಡು ವಾರ 78.2 ತೋರಿಸಿತು. ಕಪಾಟಿನಿಂದ ಮಷಿನ್ ತೆಗೆದು, ಬಾಣಲೆ ಇಟ್ಟು, ಎಂದಿನ ಹಾಗೆ ಎಣ್ಣೆ ಸುರಿದೆ. 24 ಗ್ರಾಂ.