ಯಾವ ಸಿಸ್ಟರ್ ಇದ್ದಾಗ? ಚಿಕ್ಕಮಗಳೂರಿನ ಒಂದು ಕಾನ್ವೆಂಟ್ ಶಾಲೆಯ ಬಗ್ಗೆ

ಪೇಟೆಯ ಈ ಹಳೇ ಕಾನ್ವೆಂಟಿನ ಗೇಟಿನ ಹತ್ತಿರ ಮಧ್ಯಾಹ್ನ ಮೂರೂವರೆಗೆ ನಿಂತು ಇಬ್ಬರು ಪೋಷಕರನ್ನು ಕೇಳಿದರೆ ಎರಡು ಬೇರೆ ಶಾಲೆಗಳ ವರ್ಣನೆ ಸಿಗುತ್ತದೆ. ಒಬ್ಬರು ‘ಶಿಸ್ತು ಅಂದ್ರೆ ಇಲ್ಲಿಯದು, ಮಕ್ಕಳ ಕೈಬರಹ ನೋಡಿ’ ಅನ್ನುತ್ತಾರೆ. ಇನ್ನೊಬ್ಬರು ‘ಫೀಸ್ ಕಟ್ಟೋವಾಗ ಮಾತ್ರ ನಗ್ತಾರೆ’ ಅನ್ನುತ್ತಾರೆ. ಇಬ್ಬರದೂ ಸುಳ್ಳಲ್ಲ. ಒಂದೇ ಕಾಂಪೌಂಡಿನೊಳಗೆ ಅನುದಾನವಿಲ್ಲದ ಇಂಗ್ಲಿಷ್ ಮಾಧ್ಯಮವೂ ಇದೆ, ಸರ್ಕಾರದ ಅನುದಾನ ಪಡೆಯುವ ಕನ್ನಡ ಮಾಧ್ಯಮವೂ ಇದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಬಿಸಿಯೂಟ, ಹಾಲು, ಉಚಿತ ಪಠ್ಯಪುಸ್ತಕ ಸಿಗುತ್ತವೆ; ಪಕ್ಕದ ಕಟ್ಟಡದ ಮಕ್ಕಳಿಗೆ ಡಬ್ಬಿಯೇ ಗತಿ. ಹೊರಗಿನವರಿಗೆ ಮಾತ್ರ ಎಲ್ಲವೂ ‘ಕಾನ್ವೆಂಟು’.

ಅದಕ್ಕಿಂತ ದೊಡ್ಡ ಕಾರಣ ಸಿಸ್ಟರುಗಳ ವರ್ಗಾವಣೆ. ಧರ್ಮಭಗಿನಿಯರ ಸಂಘವೇ ನಡೆಸುವ ಶಾಲೆಯಲ್ಲಿ ಮುಖ್ಯಸ್ಥೆ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಅದೂ ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ. ಒಬ್ಬರಿದ್ದಾಗ ಪೋಷಕರು ನೇರ ಆಫೀಸಿಗೆ ಹೋಗಿ ಕೂರಬಹುದಿತ್ತು. ಮುಂದಿನವರು ಬಂದಮೇಲೆ ಡೈರಿಯಲ್ಲಿ ಬರೆದು, ಒಪ್ಪಿಗೆ ಬಂದ ಶನಿವಾರ ಮಾತ್ರ ಭೇಟಿ. ಮೆಹಂದಿ, ಬಳೆ, ಮುಡಿದ ಹೂವಿನ ವಿಚಾರದಲ್ಲಿ ಕೆಂಗಣ್ಣೋ ಕಂಡೂ ಕಾಣದಂತಿರುವುದೋ ಎಂಬುದೂ ಆ ಕುರ್ಚಿಯಲ್ಲಿ ಕೂತವರ ಮೇಲೆ ನಿಂತಿದೆ. ಪಾಠದ ಮಟ್ಟ ಮಾತ್ರ ಅಷ್ಟು ಬೇಗ ಅಲ್ಲಾಡುವುದಿಲ್ಲ. ಅದನ್ನು ಹಿಡಿದಿಟ್ಟಿರುವವರು ಊರಿನವರೇ ಆದ, ಹತ್ತಾರು ವರ್ಷದಿಂದ ಅಲ್ಲೇ ಇರುವ ಮಿಸ್‌ಗಳು. ಹಾಗಾಗಿ ಯಾರಾದರೂ ಹೊಗಳಿದರೆ, ಬೈದರೆ, ಯಾವ ವರ್ಷ, ಯಾವ ತರಗತಿ, ಯಾವ ಮಾಧ್ಯಮ ಎಂದು ಕೇಳಿಕೊಳ್ಳಿ. ಐದು ವರ್ಷ ಹಿಂದಿನ ದೂರು ಇವತ್ತಿನ ಶಾಲೆಯದಲ್ಲದೆ ಇರಬಹುದು.

ಆಡಳಿತ ಯಾರದು ಎಂಬುದನ್ನು ಸೇರಿಸುವ ಮೊದಲೇ ತಿಳಿದುಕೊಳ್ಳಬೇಕು. ಕೆಥೊಲಿಕ್ ಬಿಷಪರ ಆಡಳಿತದ ವ್ಯಾಪ್ತಿಯಾದ ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1963ರಲ್ಲಿ. ಈಗ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆ ಅದರ ವ್ಯಾಪ್ತಿಯಲ್ಲಿವೆ. ಧರ್ಮಕ್ಷೇತ್ರದ್ದೇ ಶಾಲೆಯಾದರೆ ಮುಖ್ಯಸ್ಥರ ಮೇಲಿನ ದೂರು ಬಿಷಪ್ ಹೌಸಿಗೆ ಹೋಗುತ್ತದೆ. ಸಿಸ್ಟರುಗಳ ಸಂಘದ್ದಾದರೆ ಆ ಸಂಘದ ಪ್ರಾಂತ್ಯದ ಮುಖ್ಯಸ್ಥೆಗೆ (ಪ್ರಾಂತಾಧಿಕಾರಿ) ಬರೆಯಬೇಕು, ಅವರ ಕಚೇರಿ ಬೇರೆ ಊರಲ್ಲೇ ಇರಬಹುದು. ವಿಳಾಸ ತಪ್ಪಿದ ಪತ್ರ ತಿಂಗಳುಗಟ್ಟಲೆ ಸುತ್ತುತ್ತದೆ, ಕೊನೆಗೆ ‘ಯಾರೂ ಕೇಳೋರಿಲ್ಲ’ ಎಂಬ ಮಾತು ಹುಟ್ಟುತ್ತದೆ. ಎರಡೂ ಕಡೆ ಉತ್ತರ ಬರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ, ಅದರ ಮೇಲೆ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು.

‘ಆರ್‌ಟಿಇ ಸೀಟು ಕೊಡಲಿಲ್ಲ’ ಎಂಬ ಸಿಟ್ಟಿಗೆ ಈ ಶಾಲೆ ಹೊಣೆಯಲ್ಲ. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲೇ ಹೇಳಿದೆ. ಪ್ರವೇಶದ ವೇಳೆ ಸಂದರ್ಶನ ನಡೆಯುವುದೂ ಈ ವಿನಾಯಿತಿಯ ನೆರಳಿನಲ್ಲೇ. ಕ್ರೈಸ್ತ ಕುಟುಂಬಗಳು ಜ್ಞಾನಸ್ನಾನದ ಪತ್ರ, ಚರ್ಚಿನ ಫಾದರ್ ಕೊಟ್ಟ ಪತ್ರ ತಂದರೆ ಆದ್ಯತೆ ಇದೆ. ಉಳಿದವರಿಗೆ ಮಿಕ್ಕ ಸೀಟು. ಇದನ್ನು ಬಾಯಿಬಿಟ್ಟು ಹೇಳದೆ ಅರ್ಜಿ ಮಾರುವುದು ಶಾಲೆಯ ತಪ್ಪೇ. ವಯಸ್ಸಿನ ಲೆಕ್ಕದಲ್ಲೂ ಎಚ್ಚರ ಬೇಕು. ಜೂನ್ 1ಕ್ಕೆ 6 ವರ್ಷ ತುಂಬಿದರೆ ಒಂದನೇ ತರಗತಿ ಎಂಬುದು ನಿಯಮ, ಅಂದರೆ ಎಲ್‌ಕೆಜಿಗೆ 4 ತುಂಬಿರಬೇಕು. ಮೂರೂವರೆಗೇ ಸೇರಿಸಿದ ಮಗು ಯುಕೆಜಿ ಮುಗಿಸಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. 2025-26ಕ್ಕೆ ಸರ್ಕಾರ 5 ವರ್ಷ 5 ತಿಂಗಳಿಗೆ ಇಳಿಸಿ ಪಾರು ಮಾಡಿತು. ಪ್ರತಿ ಸಲ ಹಾಗಾಗುತ್ತದೆ ಎಂದು ನಂಬಿ ಕೂರಬೇಡಿ.

ಈಗ ಫೀಸು. ಜಗಳ ಮೊತ್ತಕ್ಕಿಂತ ಹೆಚ್ಚಾಗಿ ದಿನಾಂಕದ ಮೇಲೆ. ಅರೇಬಿಕಾ ಕುಯ್ಲು ಮುಗಿಯುವುದು ಜನವರಿ ಹೊತ್ತಿಗೆ, ರೊಬಸ್ಟಾ ಇನ್ನೂ ಆಚೆಗೆ. ಸಣ್ಣ ಬೆಳೆಗಾರರ ಕೈಯಲ್ಲಿ ದುಡ್ಡು ಓಡಾಡುವುದು ಫೆಬ್ರವರಿ, ಮಾರ್ಚಿನಲ್ಲಿ. ಶಾಲೆ ದೊಡ್ಡ ಕಂತು ಕೇಳುವುದು ಮೇ-ಜೂನ್‌ನಲ್ಲಿ, ಗೊಬ್ಬರಕ್ಕೂ ಮಳೆಗಾಲದ ತಯಾರಿಗೂ ಖರ್ಚಾಗಿ ಜೇಬು ಬರಿದಾದಾಗ. ಮಾರ್ಚಿನಲ್ಲೇ ಒಂದು ಪಾಲು ಮುಂಗಡ ಕಟ್ಟಿಸಿಕೊಳ್ಳುತ್ತೀರಾ ಎಂದು ಅರ್ಜಿ ಬರೆದು ಕೇಳಿ. ಬಾಯಿಮಾತಿನ ಒಪ್ಪಿಗೆ ಕ್ಲರ್ಕ್ ಬದಲಾದರೆ ಬದಲಾಗುತ್ತದೆ. ರಸೀದಿಯಲ್ಲಿ ಬೋಧನಾ ಶುಲ್ಕ ಪ್ರತ್ಯೇಕವಾಗಿ ನಮೂದಾಗಿರಲಿ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ವಿನಾಯಿತಿ (80ಸಿ ಎಂದು ರೂಢಿಯಲ್ಲಿರುವುದು) ಸಿಗುವುದು ಬೋಧನಾ ಶುಲ್ಕಕ್ಕೆ ಮಾತ್ರ, ಇಬ್ಬರು ಮಕ್ಕಳವರೆಗೆ. ಕಟ್ಟಡ ನಿಧಿ, ಡೊನೇಷನ್, ವ್ಯಾನಿನ ಬಾಡಿಗೆ ಅದರಲ್ಲಿ ಬರುವುದಿಲ್ಲ. ಎಲ್ಲ ಸೇರಿಸಿ ಒಂದೇ ಅಂಕಿ ಬರೆದ ರಸೀದಿ ಕೊಟ್ಟರೆ ಅಲ್ಲೇ ನಿಂತು ಬದಲಾಯಿಸಿಕೊಳ್ಳಿ.

ಧರ್ಮದ ವಿಚಾರದಲ್ಲಿ ಗುಸುಗುಸು ಹೆಚ್ಚು, ವಿವರ ಕಡಿಮೆ. ಬೆಳಗಿನ ಅಸೆಂಬ್ಲಿಯಲ್ಲಿ ಕ್ರೈಸ್ತ ಪ್ರಾರ್ಥನೆ ಇದೆ. ಕೆಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ಮಾರಲ್ ಸೈನ್ಸ್. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಮಾನ್ಯತೆ ಪಡೆದ ಯಾವ ಶಾಲೆಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಬೇಡ ಅನ್ನುವವರು ಪ್ರವೇಶದ ದಿನವೇ ನಾಲ್ಕು ಸಾಲು ಬರೆದುಕೊಟ್ಟು, ನಕಲಿನ ಮೇಲೆ ಶಾಲೆಯ ಸೀಲು ಹಾಕಿಸಿಕೊಳ್ಳಲಿ. ಪ್ರವೇಶ ಅರ್ಜಿಯ ಹಿಂಬದಿಯ ಸಣ್ಣಕ್ಷರದ ಷರತ್ತುಗಳಲ್ಲಿ ‘ಶಾಲೆಯ ಎಲ್ಲ ಕಾರ್ಯಕ್ರಮಗಳಿಗೂ ಒಪ್ಪಿಗೆ’ ಎಂದಿದ್ದರೆ ಸಹಿ ಹಾಕುವ ಮುನ್ನ ಓದಿ. ವರ್ಷದ ಮಧ್ಯದಲ್ಲಿ ಗಲಾಟೆ ಮಾಡಿದರೆ ಎರಡೂ ಕಡೆ ಮುಖ ಕೆಡುತ್ತದೆ, ನಡುವೆ ಸಿಕ್ಕುವುದು ಮಗು.

ರಜೆಯದು ಇನ್ನೊಂದು ಪೇಚು. ಕ್ರಿಸ್‌ಮಸ್ ರಜೆ ಬೇಕೆನ್ನುವ ಸಂಸ್ಥೆಗಳು ಉಪನಿರ್ದೇಶಕರ ಅನುಮತಿ ಪಡೆದು ದಸರಾ ರಜೆಯಲ್ಲಿ ಅಷ್ಟು ದಿನ ಕಡಿತ ಮಾಡಿಕೊಳ್ಳಬಹುದು. ಅಣ್ಣ ಸರ್ಕಾರಿ ಶಾಲೆಯಲ್ಲಿ, ತಂಗಿ ಇಲ್ಲಿ ಇದ್ದರೆ ಇಬ್ಬರನ್ನೂ ಒಟ್ಟಿಗೆ ಅಜ್ಜಿ ಮನೆಗೆ ಕಳಿಸುವ ದಿನಗಳು ಕಡಿಮೆಯಾಗುತ್ತವೆ. ಜೂನ್‌ನಲ್ಲೇ ರಜಾ ಪಟ್ಟಿ ಕೇಳಿ ಪಡೆಯಿರಿ. ಮಳೆ ರಜೆ ಜಾಸ್ತಿಯಾದ ವರ್ಷ ಶನಿವಾರ ಮಧ್ಯಾಹ್ನವೂ ತರಗತಿ ಇರುತ್ತದೆ. ಅದಕ್ಕೆ ಶಾಲೆಯನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಕನ್ನಡ ಈ ಶಾಲೆಯ ದುರ್ಬಲ ಜಾಗ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಕನ್ನಡ ಒಂದನೇ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ಇಲ್ಲಿನ ಇಂಗ್ಲಿಷ್ ಮಾಧ್ಯಮದಲ್ಲಿ ಎರಡನೆಯದು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದವಕ್ಕೆ ನೂರು. ಮನೆಯಲ್ಲಿ ಕನ್ನಡ ಗಟ್ಟಿಯಿರುವ ಮಗುವಿಗೆ ಈ 25 ಅಂಕದ ಹೆಚ್ಚಳ ಇಂಗ್ಲಿಷಿನ ಪಾಲಾಗುತ್ತದೆ. ಎಂಟನೇ ತರಗತಿಗೆ ಮುಂಚೆ ಭಾಷೆ ಬದಲಿಸಬಹುದೇ ಎಂದು ಕೇಳಿಡಿ. ಕನ್ನಡ ಮಾತಾಡಿದರೆ ದಂಡ ಎಂಬ ದೂರು ಕೆಲವು ಪೋಷಕರದು. ಮುದ್ರಿತ ಡೈರಿಯ ನಿಯಮಗಳಲ್ಲಿ ಅಂಥದ್ದೇನೂ ಇಲ್ಲ. ಡೈರಿ ತೋರಿಸಿ ಕೇಳಿದರೆ ತರಗತಿಯ ಮಿಸ್ ಮೆತ್ತಗಾಗುತ್ತಾರೆ.

ಯೂನಿಫಾರ್ಮ್ ಎರಡು ಜೊತೆ ಸಾಕು ಎಂದು ಪಟ್ಟಿಯಲ್ಲಿದೆ. ಬಯಲುಸೀಮೆಗೆ ಸಾಕು, ಜುಲೈನ ಚಿಕ್ಕಮಗಳೂರಿಗೆ ಸಾಲದು. ಮೂರು ಜೊತೆ, ಎರಡು ಸ್ವೆಟರ್ ಇಟ್ಟುಕೊಳ್ಳಿ. ಕಪ್ಪು ಶೂವನ್ನು ಒಲೆಯ ಪಕ್ಕ ಒಣಗಿಸಿದರೆ ಬಿಸಿಗೆ ಅಂಟು ಬಿಟ್ಟು ಸೋಲ್ ಬಾಯಿ ತೆರೆಯುತ್ತದೆ. ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿಡಿ. ಮಳೆಗಾಲಕ್ಕೆ ರಬ್ಬರ್ ಸ್ಯಾಂಡಲ್ ಬಿಡುತ್ತಾರಾ ಎಂಬುದು, ಮತ್ತೆ, ಯಾವ ಸಿಸ್ಟರ್ ಎಂಬುದರ ಮೇಲೆ. ಬ್ಯಾಗಿನ ತೂಕಕ್ಕೆ 2019ರ ಸರ್ಕಾರಿ ಸುತ್ತೋಲೆ ಇದೆ: 1-2ನೇ ತರಗತಿಗೆ ಒಂದೂವರೆಯಿಂದ 2 ಕೆಜಿ, 3ರಿಂದ 5ಕ್ಕೆ 2ರಿಂದ 3 ಕೆಜಿ. ಮೀರುವುದು ಪುಸ್ತಕದಿಂದ ಮಾತ್ರವಲ್ಲ. ಒಂದು ಲೀಟರ್ ನೀರೇ ಒಂದು ಕೆಜಿ. ಇಲ್ಲಿ ಕುಡಿಯುವ ನೀರಿನ ಫಿಲ್ಟರ್ ಚೆನ್ನಾಗಿದೆ, ಅರ್ಧ ಲೀಟರಿನ ಬಾಟಲಿ ಸಾಕು.

ಆಲ್ದೂರು, ಮೂಡಿಗೆರೆ ಕಡೆಯಿಂದ ಮಕ್ಕಳನ್ನು ತರುವ ಟೆಂಪೋಗಳೆಲ್ಲ ಶಾಲೆಯವಲ್ಲ. ತಡವಾಗಿ ಬಂದ ಟೆಂಪೋಗೆ ಶಾಲೆಯ ಮೇಲೆ ರೇಗುವವರೇ ಜಾಸ್ತಿ. ಹಳದಿ ಬೋರ್ಡ್ ಇದೆಯೇ, ಎಫ್‌ಸಿ (ವಾಹನದ ಫಿಟ್‌ನೆಸ್ ಪ್ರಮಾಣಪತ್ರ) ಮತ್ತು ವಿಮೆ ಚಾಲ್ತಿಯಲ್ಲಿವೆಯೇ ಎಂದು ನೀವೇ ನೋಡಬೇಕು. ಬಿಳಿ ಬೋರ್ಡಿನ ಓಮ್ನಿ ಅಗ್ಗ, ಆದರೆ ಅಪಘಾತವಾದರೆ ವಿಮೆ ಕಂಪನಿ ಮೊದಲು ಹಿಡಿಯುವುದೇ ಆ ಬೋರ್ಡನ್ನು.

ಬಿಡಿಸುವ ಯೋಚನೆಯಿದ್ದರೆ ಏಪ್ರಿಲ್ ಫಲಿತಾಂಶದ ದಿನವೇ ಟಿಸಿಗೆ ಅರ್ಜಿ ಕೊಡಿ. ಮೇನಲ್ಲಿ ಸಿಸ್ಟರ್ ಬದಲಾದರೆ ಸಹಿಗೆ ಹೊಸಬರು ಬರುವವರೆಗೆ ಕಾಯಬೇಕಾಗುತ್ತದೆ. ಕಾಗದದ ಟಿಸಿ ಕೈಗೆ ಬಂದರೂ ಕೆಲಸ ಮುಗಿಯಲಿಲ್ಲ. ಮಕ್ಕಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆ ದಾಖಲು ಮಾಡಿಕೊಳ್ಳಲಾಗದು. ಆಫೀಸಿನ ಕಂಪ್ಯೂಟರ್ ಮುಂದೆ ನಿಂತು, ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರಿನ ಕಾಗುಣಿತ ಆಧಾರ್‌ಗೆ ಹೊಂದುತ್ತದೆಯೇ ಎಂದು ನೋಡಿಯೇ ಹೊರಡಿ.